ಅಳಿಯ ತಂದ ಡಿಸ್ಕು

ಮಾರ್ಚ್ ೩, ಮಂಗಳವಾರ

ಹಳೆಯ ಕಂಪ್ಯೂಟರು ಇಂದು ಬೆಳಿಗ್ಗೆ ಕೊನೆಯುಸಿರೆಳೆಯಿತು. ಆನ್ ಮಾಡಿದರೆ ಒಳಗಿನ ಫ್ಯಾನು ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ರಿಪೇರಿಯವನು ಅದರ ವಯಸ್ಸು ಕೇಳಿ ನಕ್ಕ. ನನ್ನ ವಯಸ್ಸು ಕೇಳಿ ನಕ್ಕಿದ್ದರೂ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಗಳು ಹೊಸದೊಂದನ್ನು ತಂದು ನನ್ನ ರೆಕಾರ್ಡಿಂಗ್ ರೂಮಿನ ಮೇಜಿನ ಮೇಲೆ ಇಟ್ಟೇಬಿಟ್ಟಳು. ರೂಮು ಎಂದರೆ ಮನೆಯ ಹಿಂದಿನ ಕಾರ್ ಶೆಡ್ಡು. ಕಾರು ನಮಗೆ ಎಂದೂ ಇರಲಿಲ್ಲ. ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದು, ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಟ್ಟು, ಇಷ್ಟು ವರ್ಷ ಅಲ್ಲೇ ಅನ್ನ ಸಂಪಾದಿಸಿದ್ದೇನೆ.

"ರೆಕಾರ್ಡಿಂಗ್ ಮುಂದಕ್ಕೆ ಹಾಕೋಕಾಗಲ್ಲ ಅಪ್ಪ. ಹದಿನಾಲ್ಕಕ್ಕೆ ಚೆಲ್ಲೋ ಮೇಡಂ ಬರ್ತಾರೆ. ಆವತ್ತೇ ಸಾಯಂಕಾಲ ಅವರ ವಿಮಾನ. ತಪ್ಪಿದ್ರೆ ವರ್ಷದ ಕೊನೆಗೇ ಅವರು ಸಿಗೋದು" ಎಂದಳು.

ಚೆಲ್ಲೋ ಎಂದರೆ ಪಿಟೀಲಿನ ದೊಡ್ಡಣ್ಣ, ಕೂತು ಕಮಾನಿನಲ್ಲಿ ನುಡಿಸುವ ವಾದ್ಯ. ಇಷ್ಟು ದಿನ ಮಗಳು ಬೇರೆಯವರ ಜಾಹೀರಾತಿಗೆ ಹಾಡಿದ್ದಾಳೆ. ಸೋಪು, ಬಣ್ಣ, ಹಲ್ಲಿನ ಪೇಸ್ಟು. ಈಗ ತಾನೇ ಬರೆದು ರಾಗ ಹಾಕಿದ ಹಾಡುಗಳು, ತನ್ನ ಹೆಸರಿನಲ್ಲೇ. "ನನ್ನ ಮೊದಲ ಹಾಡು ಅಪ್ಪನೇ ರೆಕಾರ್ಡ್ ಮಾಡೋದು" ಎಂದು ಲಂಗ ಹಾಕುವ ಕಾಲದಿಂದ ಹೇಳುತ್ತಿದ್ದಳು. ಮಾತು ತಪ್ಪಿಲ್ಲ. ತಪ್ಪಿದ್ದರೆ ನಾನು ಬದುಕುತ್ತಿದ್ದೆನೇ ಎಂಬುದು ಬೇರೆ ಪ್ರಶ್ನೆ.

ಆದರೆ ಹೊಸ ಕಂಪ್ಯೂಟರಿಗೆ ಇರುವುದು ಅಂಗಿಯ ಕಾಜದಂಥ ಮೂರು ಪುಟ್ಟ ತೂತು. ನನ್ನ ಇಟ್ಟಿಗೆಯಂಥ ಡಿಸ್ಕಿನ ಅಗಲ ಬಾಯಿಯ, ಹಳೇ ಕಾಲದ ಫೈರ್‌ವೈರ್ ಕೇಬಲ್ಲಿಗೆ ಅದರಲ್ಲಿ ಜಾಗವೇ ಇಲ್ಲ. ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ರೆಕಾರ್ಡ್ ಮಾಡುವುದು ನಮ್ಮ ಕಸುಬಿನಲ್ಲಿ ಪಾಪ. ಅದಕ್ಕೆ ತನ್ನ ಮನೆಗೆಲಸವೇ ಹೊರೆಯಷ್ಟಿರುತ್ತದೆ. ಹಾಡನ್ನು ಬರೆದಿಡಲು ಹೊರಗಿನ ಡಿಸ್ಕೇ ಬೇಕು. ಅದನ್ನು ಯಾವ ದಾರಿಯಲ್ಲಿ ಸೇರಿಸುವುದು?

"ಅವನನ್ನ ಕೇಳೋಣ ಬಿಡಪ್ಪ, ಅವನಿಗೆ ಗೊತ್ತಿರುತ್ತೆ" ಎಂದಳು.

ಅವನು ಎಂದರೆ ಮಗಳ ಗಂಡ. ದೊಡ್ಡ ಸ್ಟುಡಿಯೋದಲ್ಲಿ ಶಬ್ದ ಜೋಡಿಸುವ ಕೆಲಸ. "ಅಳಿಯ ಅಲ್ಲ, ಮಗಳ ಗಂಡ" ಎಂದು ಜನ ಗಾದೆ ಹೇಳುವುದು ಎರಡೂ ಒಂದೇ ಎಂಬ ಅರ್ಥದಲ್ಲಿ. ನನಗೆ ಎರಡೂ ಬೇರೆ. ಅಳಿಯ ಎಂದರೆ ನನ್ನವನಾಗುತ್ತಾನೆ. ಮಗಳ ಗಂಡ ಎಂದರೆ ಅವಳವನು, ಅಷ್ಟೇ.

ಮಾರ್ಚ್ ೫, ಗುರುವಾರ

ಇಬ್ಬರೂ ಊಟಕ್ಕೆ ಬಂದಿದ್ದರು. ತಟ್ಟೆಯ ಮುಂದೆ ಕೂತು ಮಗಳ ಗಂಡ ನನಗೆ ಕೇಬಲ್ಲಿನ ಪಾಠ ಮಾಡಿದ.

"ಮಾವ, ನಿಮ್ಮ ಡಿಸ್ಕಿನ ಬೆನ್ನಲ್ಲಿ ಫೈರ್‌ವೈರ್ ಪಕ್ಕ ಹಳೇ ಯುಎಸ್‌ಬಿ ಬಾಯಿನೂ ಇದೆ. ಅದು ನಿಧಾನ, ಆದ್ರೂ ನಡೆಯುತ್ತೆ. ಅದಕ್ಕಿಂತ ಹೊಸ ಡಿಸ್ಕು ತಗೊಂಡು ನೇರವಾಗಿ ಸೇರಿಸಿದ್ರೆ ತಲೆನೋವೇ ಇಲ್ಲ. ಏನೇ ಮಾಡಿ, ಮೈಕಿನ ಪೆಟ್ಟಿಗೆನೂ ಡಿಸ್ಕನ್ನೂ ಒಂದೇ ಹಬ್ಬಿಗೆ ಮಾತ್ರ ಹಾಕ್ಬೇಡಿ."

ಹಬ್ಬು ಎಂದರೆ ಒಂದು ತೂತನ್ನು ನಾಲ್ಕು ಮಾಡುವ ಪುಟ್ಟ ಪೆಟ್ಟಿಗೆ; ಮೈಕಿನ ಪೆಟ್ಟಿಗೆ ಎಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವುದು. ಮೈಕಿಗೊಂದು ದಾರಿ, ಡಿಸ್ಕಿಗೊಂದು ದಾರಿ: ಇದು ನನ್ನ ಪಾಠ! ನಾನೇ ಮಗಳಿಗೆ ಹೇಳಿಕೊಟ್ಟದ್ದು. ಅವಳು ಅವನಿಗೆ ಹೇಳಿರಬೇಕು. ನನ್ನ ಮಾತು ಅವನ ಬಾಯಿಂದ ಸುತ್ತಿ ಬಳಸಿ ನನ್ನ ಮುಂದೆಯೇ ಬಂತು, ಮಗಳು ಮೊದಲ ಸಲ ಕೇಳಿದವಳಂತೆ ತಲೆದೂಗಿದಳು. ಹಿತ್ತಲ ಗಿಡ ಮದ್ದಲ್ಲ.

"ಯೋಚನೆ ಮಾಡ್ತೀನಿ" ಎಂದೆ. ಹೆಂಡತಿ ನನ್ನ ಮುಖ ನೋಡಿ ಇನ್ನಷ್ಟು ಅನ್ನ ಬಡಿಸಿದಳು. ನನ್ನ ಬಾಯಿ ಮುಚ್ಚಿಸಲು ಅವಳಿಗೆ ಗೊತ್ತಿರುವ ಉಪಾಯ ಅದೊಂದೇ.

ಮಾರ್ಚ್ ೬, ಶುಕ್ರವಾರ

ಅಂಗಡಿಗೆ ಹೋಗಿ ಹಬ್ಬು ತಂದೆ.

ನನ್ನ ಸಾಮಾನುಗಳೆಲ್ಲ ಅಗಲ ಬಾಯಿಯವು; ಮೌಸು, ಕೀಬೋರ್ಡು, ಮೈಕಿನ ಪೆಟ್ಟಿಗೆ, ಹಳೆಯ ಡಿಸ್ಕು ಎಲ್ಲವೂ ಅದರಲ್ಲಿ ಹಿಡಿಸುತ್ತವೆ. ಹಾಗೆಂದು ಅಂಗಡಿಯವನಿಗೆ ಹೇಳಿದೆ. ದಿನಚರಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ. ಮಗಳ ಗಂಡ ಹಾಕಬೇಡಿ ಎಂದದ್ದಕ್ಕೇ ತಂದೆ.

ಸಂಜೆ ಮಗಳು ಹಾಡಿನ ಅಭ್ಯಾಸಕ್ಕೆ ಬಂದಳು. ಅಂಗಳದಲ್ಲಿ ನಿಂತು ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ಮಷೀನಿಗೆ ಬಟ್ಟೆ ಹಾಕ್ದೆ ಅಂತೀಯಲ್ಲ, ಗುಂಡಿ ಒತ್ತಿದ್ಯಾ?"

ಆ ಮಾತು ನನ್ನದು. ಅವಳು ಪುಟ್ಟವಳಿದ್ದಾಗ ಸ್ಟೂಲಿನ ಮೇಲೆ ನಿಂತು ಒಂದು ಹಾಡನ್ನು ಉಸಿರು ಬಿಗಿಹಿಡಿದು ಹಾಡಿದ್ದಳು. ನಾನು ಮೈಮರೆತು ಕೇಳುತ್ತಾ ರೆಕಾರ್ಡ್ ಗುಂಡಿಯನ್ನೇ ಒತ್ತಿರಲಿಲ್ಲ. ಅಂದು ಅವಳು ಬೈದ ಬೈಗುಳಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದಿದ್ದರು. ಆಮೇಲೆ ಪ್ರತಿ ಸಲ ಮೈಕಿನ ಮುಂದೆ ನಿಂತೊಡನೆ ಸೊಂಟದ ಮೇಲೆ ಕೈಯಿಟ್ಟು, "ಅಪ್ಪಾ, ಗುಂಡಿ ಒತ್ತಿದ್ಯಾ?" ಕಾಲೇಜಿಗೆ ಹೋದರೂ ಅದೇ, ಕೆಲಸಕ್ಕೆ ಸೇರಿದರೂ ಅದೇ. ಮದುವೆಯಾದ ಮೇಲೆ ನಿಂತಿತು. ಈಗ ಮೆತ್ತಗೆ "ಶುರು ಮಾಡೋಣ್ವಾ ಅಪ್ಪ?" ಎನ್ನುತ್ತಾಳೆ, ಬ್ಯಾಂಕಿನವರ ಹಾಗೆ.

ಬಟ್ಟೆ ಒಗೆಯುವ ಮಷೀನಿಗೆ ಹೋಯಿತು ನನ್ನ ಮಾತು.

ಮಾರ್ಚ್ ೯, ಸೋಮವಾರ

ಹಬ್ಬಿಗೆ ಎಲ್ಲವನ್ನೂ ಸಿಕ್ಕಿಸಿ ಮಗಳ ದನಿಯೊಂದನ್ನೇ ಹಿಡಿದು ನೋಡಿದೆ. ನಡುನಡುವೆ ಟಿಕ್, ಟಿಕ್. ಯಾರೋ ಪಕ್ಕದಲ್ಲಿ ಉಗುರು ಕತ್ತರಿಸುತ್ತಿರುವಂತೆ. ಮೈಕಿನ ಪೆಟ್ಟಿಗೆ ದನಿಯನ್ನು ಒಳಗೆ ಕಳಿಸುವಾಗಲೇ ಡಿಸ್ಕಿಗೂ ಅದೇ ಇಕ್ಕಟ್ಟಿನ ಬಾಗಿಲು ಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

"ಕರೆಂಟು ಸರಿ ಇಲ್ಲ" ಎಂದೆ. ಆಮೇಲೆ "ಕಂಪ್ಯೂಟರ್ ಹೊಸದಲ್ವಾ, ಇನ್ನೂ ಪಳಗಬೇಕು" ಎಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಹೆಂಡತಿ ಬಾಗಿಲಲ್ಲೇ ನಿಂತು ಹೇಳಿ, ಕಾಫಿ ಇಟ್ಟು ಹೋದಳು.

ಮಗಳು ಬೈಯಲಿಲ್ಲ. "ಪರವಾಗಿಲ್ಲ ಬಿಡಪ್ಪ" ಎಂದು ನನ್ನ ಬೆನ್ನು ಸವರಿದಳು. ಬೆನ್ನು ಸವರುವುದು ಯಾರಿಗೆ? ಆಸ್ಪತ್ರೆಯಿಂದ ಬಂದವರಿಗೆ.

ಮಾರ್ಚ್ ೧೦, ಮಂಗಳವಾರ

ಅವಳು ಹೇಳಿದಳೋ, ಹೆಂಡತಿ ಹೇಳಿದಳೋ. ಮಗಳ ಗಂಡ ಹೊಸ ಡಿಸ್ಕು ಹಿಡಿದು ಬಂದ. ಸೋಪಿನ ಬಿಲ್ಲೆಯಷ್ಟಿದೆ. ಒಳಗೆ ತಿರುಗುವ ಚಕ್ರವೇ ಇಲ್ಲವಂತೆ, ಸದ್ದೂ ಇಲ್ಲ. ಮೇಜಿನ ಮೇಲಿನ ಹಬ್ಬು ಅವನ ಕಣ್ಣಿಗೆ ಬಿತ್ತು. ಬಿದ್ದದ್ದು ನನ್ನ ಕಣ್ಣಿಗೂ ಬಿತ್ತು. "ಹೇಳಿರಲಿಲ್ವಾ ಮಾವ" ಎಂದು ಒಂದು ಮಾತು ಅಂದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ.

"ಒಳ್ಳೇದಾಯ್ತು ಮಾವ, ಹಬ್ಬು ಮೌಸಿಗೂ ಕೀಬೋರ್ಡಿಗೂ ಆಗುತ್ತೆ. ಮೈಕಿನ ಪೆಟ್ಟಿಗೆಗೆ ಬಾಯಿ ಬದಲಿಸೋ ತುಣುಕು ತಂದಿದ್ದೀನಿ, ಅದಕ್ಕೆ ಇನ್ನೊಂದು ತೂತು, ಡಿಸ್ಕಿಗೆ ಮೂರನೇದು" ಎಂದು ತಾನೇ ಎಲ್ಲ ಜೋಡಿಸಿದ. ಟಿಕ್ ಟಿಕ್ ನಿಂತಿತು.

ಒಳ್ಳೆಯವನಾಗಿರುವುದಕ್ಕೂ ಒಂದು ಮಿತಿ ಬೇಡವೇ? ಕೆಟ್ಟವನಾಗಿದ್ದರೆ ಎಷ್ಟು ಸಲೀಸಾಗಿತ್ತು. ಮಗಳು ಆ ಡಿಸ್ಕನ್ನು ಅಂಗೈಯಲ್ಲಿಟ್ಟು, "ಎಷ್ಟು ಚೆನ್ನಾಗಿದೆ ನೋಡಪ್ಪ" ಎಂದಳು. ನೋಡಿದೆ.

ಮಾರ್ಚ್ ೧೨, ಗುರುವಾರ

ಡಿಸ್ಕಿನ ಜೊತೆ ಬಂದ ಕೇಬಲ್ಲು ಗೇಣುದ್ದವೂ ಇಲ್ಲ. ಹಾಗಾಗಿ ಡಿಸ್ಕು ಕಂಪ್ಯೂಟರಿನ ಪಕ್ಕದಲ್ಲೇ, ಸರಿಯಾಗಿ ನನ್ನ ಮೂಗಿನ ಮುಂದೆ ಕೂತಿರುತ್ತದೆ. ದೀಪ ಬೇರೆ ಮಿಣಕ್ ಮಿಣಕ್. ನಾನು ಮಗಳ ದನಿ ಹಿಡಿಯುವಾಗಲೆಲ್ಲ ಅವನು ಮೇಜಿನ ಮೇಲೆ ಕಾಲು ಮಡಚಿ ಕೂತು ನೋಡುತ್ತಿರುವಂತೆ.

ಇವತ್ತು ಅದಕ್ಕೊಂದು ದಾರಿ ಹುಡುಕಿದೆ. ಒಳಗಿನ ಕೋಣೆಯಲ್ಲಿ ಉದ್ದನೆಯ ಕೇಬಲ್ಲೊಂದು ಸಿಕ್ಕಿತು, ಎರಡೂ ತುದಿ ಅದೇ ಪುಟ್ಟ ಬಾಯಿಯದು, ಹೇಳಿ ಮಾಡಿಸಿದಂತೆ ಕೂತಿತು. ಡಿಸ್ಕನ್ನು ಮೇಜಿನ ಕೆಳಗೆ, ತಂತಿ ಬುಟ್ಟಿಯ ಹಿಂದೆ ಮಲಗಿಸಿದೆ. ಒಂದು ಸಣ್ಣ ಹಾಡು ಹಿಡಿದು ನೋಡಿದೆ, ಏನೂ ತೊಂದರೆಯಿಲ್ಲ. ಮೇಜು ಮತ್ತೆ ನನ್ನದಾಯಿತು.

ಸಂಜೆ ಹೆಂಡತಿ ಇಡೀ ಮನೆ ಹುಡುಕಿದಳು. "ರೀ, ನನ್ನ ಫೋನ್ ಚಾರ್ಜರಿನ ಕೇಬಲ್ ನೋಡಿದ್ರಾ?"

"ಇಲ್ವಲ್ಲ" ಎಂದೆ.

ಮಾರ್ಚ್ ೧೪, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಚೆಲ್ಲೋ ಮೇಡಂ ಬೆಳಿಗ್ಗೆಯೇ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ, ವಾದ್ಯವನ್ನು ಮಗುವಿನ ಹಾಗೆ ಎತ್ತಿಕೊಂಡು ಶೆಡ್ಡಿನ ಕಂಬಳಿಯಡಿ ಬಗ್ಗಿ ಬಂದರು. ಮಗಳ ಗಂಡನೂ ರಜೆ ಹಾಕಿ ಬಂದಿದ್ದ; ಮೈಕು ಸರಿಸುವುದು, ಕುರ್ಚಿ ಕಿರುಗುಟ್ಟದಂತೆ ಬಟ್ಟೆ ಹಾಕುವುದು. ನಾನು ಮೇಜಿನಲ್ಲಿ. ಹಾಡುಗಳು ಒಂದರ ಹಿಂದೊಂದು ಚೆನ್ನಾಗಿ ಕೂತವು.

ಕೊನೆಯದು ಉದ್ದನೆಯ ಹಾಡು. ಚೆಲ್ಲೋ, ಮಗಳ ದನಿ ಎರಡೇ. ಇಬ್ಬರೂ ಎದುರು ಬದುರಾಗಿ ಒಂದೇ ಉಸಿರಿನಲ್ಲಿ ಮುಗಿಸಬೇಕು. ನನ್ನ ಮಗಳು ಹಾಗೆ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ. ಹಾಡು ಮುಗಿಯಿತು. ಮೇಡಂ ಕಮಾನು ಕೆಳಗಿಟ್ಟು ಕಣ್ಣೊರೆಸಿಕೊಂಡರು. ನಾನೂ ಕಣ್ಣು ಬಿಟ್ಟೆ.

ಪರದೆಯ ಮೇಲೆ ಒಂದು ಚೌಕದಲ್ಲಿ ಬರೆದಿತ್ತು: ಡಿಸ್ಕು ಸಿಗುತ್ತಿಲ್ಲ, ರೆಕಾರ್ಡಿಂಗ್ ನಿಂತಿದೆ.

ಕಿವಿಗೆ ಕೇಳಿದ್ದು ಮೈಕಿನ ಪೆಟ್ಟಿಗೆಯಿಂದ ನೇರವಾಗಿ ಬಂದದ್ದು. ಡಿಸ್ಕಿಗೆ ಹೋದದ್ದು ಮೊದಲ ಚರಣ ಮಾತ್ರ, ಅದೂ ತುಂಡು ತುಂಡು. ಹೊರಗೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಹಾರ್ನು ಹೊಡೆಯುತ್ತಿತ್ತು. ಮೇಡಂ ಮಗಳ ಕೆನ್ನೆ ಮುಟ್ಟಿ ಹೊರಟುಹೋದರು.

ಅವನು ಮೇಜಿನ ಕೆಳಗೆ ತೂರಿದ. ಸ್ವಲ್ಪ ಹೊತ್ತು ಅಲ್ಲೇ ಇದ್ದ. ಹೊರಗೆ ಬಂದು, ಏನನ್ನೋ ಸುತ್ತಿ ಜೇಬಿಗೆ ಹಾಕಿಕೊಂಡು, "ಡಿಸ್ಕೇ ಸರಿ ಇಲ್ಲ. ನಾನು ತಂದಿದ್ದೇ ತಪ್ಪು" ಎಂದ.

ಮಗಳು ಸಿಡಿದಳು. "ನಿಂಗೆ ಬುದ್ಧಿ ಇದ್ಯಾ? ಪರೀಕ್ಷೆ ಮಾಡದೆ ತರ್ತಾರಾ? ಆ ಹಾಡು ಮತ್ತೆ ಬರುತ್ತೇನೋ? ನಿನ್ನ ಮಾತು ಕೇಳಿದ್ನಲ್ಲ, ನಂಗೆ ಹೇಳ್ಬೇಕು!" ನನ್ನ ಕಡೆ ತಿರುಗಿದಾಗ ದನಿ ಹತ್ತಿಯಷ್ಟು ಮೆತ್ತಗಾಯಿತು. "ನೀನೇನು ಮಾಡ್ತೀಯಪ್ಪ. ಕೂತ್ಕೋ, ನೀರು ಕುಡಿ."

ಕುಡಿದೆ. ಅವನು ತಂದ ಡಿಸ್ಕು ಕೈಕೊಟ್ಟಿತು. ಖುಷಿಪಡಬಾರದು. ಒಂದು ಗುಟುಕಿನಷ್ಟು ಪಟ್ಟೆ.

ಮಾರ್ಚ್ ೧೫, ಭಾನುವಾರ

ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಹೆಂಡತಿಯ ಫೋನು ಚಾರ್ಜಾಗುತ್ತಿತ್ತು. ಅದೇ ಉದ್ದನೆಯ ಕೇಬಲ್ಲು.

"ಎಲ್ಲಿತ್ತೇ ಇದು?"

"ಅಳಿಯಂದಿರು ನಿನ್ನೆ ಹೋಗ್ವಾಗ ಕೊಟ್ರು. ಎಲ್ಲೋ ಬಿದ್ದಿತ್ತಂತೆ. ನೀವು ಇದ್ದೀರಿ, ಮನೇಲಿ ಒಂದು ಸಾಮಾನು ಹುಡುಕಿಕೊಡೋಕಾಗಲ್ಲ."

ಶೆಡ್ಡಿಗೆ ಹೋದೆ. ಡಿಸ್ಕು ಮೇಜಿನ ಮೇಲೆ, ತನ್ನ ಮೋಟು ಕೇಬಲ್ಲಿನಲ್ಲಿ ಕೂತಿತ್ತು. ಎಲ್ಲ ಮೈಕುಗಳನ್ನೂ ತೆರೆದು ಬಹಳ ಹೊತ್ತು ಓಡಿಸಿದೆ. ಒಂದು ತಪ್ಪಿಲ್ಲ. ಹೆಂಡತಿಯ ಕೇಬಲ್ಲು ತಂದು ಸಿಕ್ಕಿಸಿದೆ. ಮೊದಲು ಓಡಿತು. ಆಮೇಲೆ ಅದೇ ಚೌಕ: ಡಿಸ್ಕು ಸಿಗುತ್ತಿಲ್ಲ. ಅದು ಫೋನಿಗೆ ನಿಧಾನವಾಗಿ ಕರೆಂಟು ತುಂಬಲು ಮಾಡಿದ ತೆಳ್ಳನೆ ತಂತಿ. ಡಿಸ್ಕಿಗೆ ಕೆಲಸ ಹೆಚ್ಚಾದಾಗ ಬೇಕಾದಷ್ಟು ಕರೆಂಟು ಹೋಗದೆ ಅದು ತಲೆ ತಿರುಗಿ ಬಿದ್ದಿದೆ. ಬಾಯಿ ಒಂದೇ ಥರ ಇದ್ದರೆ ಹೊಟ್ಟೆಯೂ ಒಂದೇ ಥರ ಇರಬೇಕೆಂದೇನಿದೆ. ಇದನ್ನೂ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಮೇಜಿನ ಕೆಳಗೆ ತೂರಿದಾಗಲೇ ಅವನಿಗೆ ಗೊತ್ತಾಗಿದೆ. ಗೊತ್ತಾಗಿಯೂ ತಪ್ಪನ್ನು ಜೇಬಿಗೆ ಹಾಕಿಕೊಂಡು ಹೋದ.

ಮಾರ್ಚ್ ೧೬, ಸೋಮವಾರ

ಊಟ ಸೇರಲಿಲ್ಲ.

ಅವಳು ಅವನನ್ನು ಬೈದ ರೀತಿ ಕಿವಿಯಲ್ಲೇ ಇದೆ. ಹೊಟ್ಟೆಯೊಳಗಿಂದ ಬಂದ ಬೈಗುಳ. ತನ್ನವರು ಎಂದುಕೊಂಡವರಿಗೆ ಮಾತ್ರ ಹಾಗೆ ಬೈಯುವುದು. ನನಗೆ ನೀರು ಕೊಟ್ಟಳು.

ಮಾಡಿದವನು ನಾನು, ಬೈಸಿಕೊಂಡವನು ಅವನು. ಮಗಳನ್ನು ಕರೆದುಕೊಂಡು ಹೋದ, ಸರಿ. ನನ್ನ ಪಾಠ ತೆಗೆದುಕೊಂಡ, ನನ್ನ "ಗುಂಡಿ ಒತ್ತಿದ್ಯಾ" ತೆಗೆದುಕೊಂಡ. ಈಗ ನನಗೆ ಸೇರಬೇಕಾದ ಬೈಗುಳವನ್ನೂ ತೆಗೆದುಕೊಂಡನಲ್ಲ! ಇದನ್ನು ಮಾತ್ರ ನಾನು ಬಿಡುವುದಿಲ್ಲ.

ಮಾರ್ಚ್ ೧೭, ಮಂಗಳವಾರ

ಅವರ ಮನೆಗೆ ಹೋದೆ. ಎರಡು ಬೀದಿ ಆಚೆ. ಮಗಳು ಒಗೆದ ಬಟ್ಟೆ ಮಡಚುತ್ತಿದ್ದಳು. ಕುರ್ಚಿಯ ಮೇಲಿನ ಬಟ್ಟೆ ಎತ್ತಿಟ್ಟು, "ಕೂತ್ಕೋ ಅಪ್ಪ, ಸುಸ್ತಾಯ್ತಾ?" ಎಂದಳು. ಕೂರಲಿಲ್ಲ.

"ಡಿಸ್ಕಿಂದಲ್ಲ ತಪ್ಪು. ನಾನು ನಿಮ್ಮಮ್ಮನ ಫೋನಿನ ಕೇಬಲ್ ಹಾಕಿದ್ದೆ."

ಅವಳ ಕೈಯಲ್ಲಿದ್ದ ಅಂಗಿ ಹಾಗೇ ನಿಂತಿತು. "ಅಮ್ಮನ ಫೋನಿಂದಾ? ಯಾಕೆ? ಜೊತೇಲಿ ಬಂದಿತ್ತಲ್ಲ ಕೇಬಲ್ಲು?"

"ಅದು ಗಿಡ್ಡ. ಡಿಸ್ಕು ಮೇಜಿನ ಮೇಲೆ ಕಾಣ್ತಿತ್ತು."

"ಕಂಡ್ರೆ ಏನಾಗುತ್ತೆ?"

"ಅವನು ತಂದಿದ್ದು" ಎಂದೆ.

ಕೈಯಲ್ಲಿದ್ದ ಅಂಗಿಯನ್ನು ಕುರ್ಚಿಗೆ ಎಸೆದಳು. ಆಮೇಲೆ ಶುರುವಾಯಿತು.

"ಅಪ್ಪಾ! ನಿಂಗೆ ನಾಚಿಕೆ ಆಗಲ್ವಾ? ತಲೆ ಬೆಳ್ಳಗಾದ್ರೆ ಸಾಕಾ? ಅವನು ತಂದಿದ್ದಂತೆ! ಅವನೇನು ದೆವ್ವ ತಂದಿದ್ನಾ? ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದ್ನಲ್ಲ, ಬಾಯಲ್ಲಿ ಕಡುಬು ಇಟ್ಕೊಂಡವನ ಹಾಗೆ ನಿಂತಿದ್ಯಲ್ಲ! ನನ್ನ ಹಾಡು ಹೋಯ್ತು ಅಪ್ಪ, ನನ್ನ ಹಾಡು! ಮೈಕಿಗೊಂದು ದಾರಿ ಡಿಸ್ಕಿಗೊಂದು ದಾರಿ ಅಂತ ನಂಗೆ ಕಲಿಸಿದವನು ನೀನು. ಮೊದಲು ಹಬ್ಬು, ಆಮೇಲೆ ಇದು. ಹಟ! ಬರೀ ಹಟ!"

ಬೈಯುತ್ತಾ ಬೈಯುತ್ತಾ ಅಳತೊಡಗಿದಳು, ಅಳುತ್ತಾ ಮತ್ತೆ ಬೈದಳು. ಸೊಂಟದ ಮೇಲೆ ಕೈಯಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆ. ಹಾಡು ಹೋದ ದುಃಖ ನನಗೂ ಇತ್ತು, ದೇವರಾಣೆ ಇತ್ತು. ಆದರೂ ಒಳಗೆಲ್ಲೋ ಬಿಸಿಲು ಬಿದ್ದಂತಾಗುತ್ತಿತ್ತು.

ಸದ್ದು ಕೇಳಿ ಅಳಿಯ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡೇ ಓಡಿ ಬಂದ. "ಬಿಡೇ, ಡಿಸ್ಕಿಂದೂ ಒಂಚೂರು..."

"ನೀನು ಸುಮ್ನಿರು. ಸುಳ್ಳು ಹೇಳಿದ್ದಕ್ಕೆ ನಿಂಗೆ ಬೇರೆ ಇದೆ."

ಅವನು ಒಳಗೆ ಹೋಗಿ ಅಂಗಿ ಹಾಕಿಕೊಂಡು, ನಾನು ಹೊರಟಾಗ ಗೇಟಿನವರೆಗೆ ಬಂದ. "ಯಾಕೆ ಸುಳ್ಳು ಹೇಳಿದೆಯಪ್ಪ?" ಎಂದು ಕೇಳಿದೆ.

ಕಾಲಲ್ಲಿ ಒಂದು ಕಲ್ಲು ಸರಿಸಿದ. "ಮದುವೆ ಆದ್ಮೇಲೆ ನೀವು ಒಂಥರಾ ಇದ್ದೀರಿ ಅಂತ ಅವಳಿಗೆ ಭಯ ಮಾವ. ನಿಮಗೆ ಜೋರು ಮಾತಾಡಿದ್ರೆ ಇನ್ನೂ ದೂರ ಆಗ್ತೀರೇನೋ ಅಂತ. ಆವತ್ತು ಬೈದುಬಿಟ್ಟಿದ್ರೆ ಆಮೇಲೆ ಅವಳೇ ಕೊರಗ್ತಿದ್ಳು. ನನಗಾದ್ರೆ ಅಭ್ಯಾಸ ಇದೆ." ಆಮೇಲೆ ನಕ್ಕ. "ಆದ್ರೂ ಇಷ್ಟು ಹೊತ್ತು ನನಗೂ ಬೈದಿಲ್ಲ ಬಿಡಿ."

ಬೈದಿಲ್ಲವಂತೆ. ದಾರಿಯುದ್ದಕ್ಕೂ ಅದನ್ನೇ ನೆನೆದುಕೊಂಡು ಬಂದೆ. ರಾತ್ರಿಯ ಊಟದಲ್ಲಿ ಎರಡು ಸಲ ಬಡಿಸಿಕೊಂಡೆ. ಹೆಂಡತಿ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಮಾರ್ಚ್ ೨೨, ಭಾನುವಾರ

ಆ ಹಾಡನ್ನು ಚೆಲ್ಲೋ ಇಲ್ಲದೆ ಬರೀ ದನಿಯಲ್ಲಿ ಹಿಡಿಯುವುದೆಂದು ಮಗಳು ತೀರ್ಮಾನಿಸಿದಳು. ಹೋದದ್ದು ಹೋಯಿತು. ಅದು ಮತ್ತೆ ಹಾಗೇ ಬರುವುದಿಲ್ಲ, ಅದು ನನಗೂ ಗೊತ್ತು ಅವಳಿಗೂ ಗೊತ್ತು.

ಡಿಸ್ಕು ಮೇಜಿನ ಮೇಲೆ, ಮೋಟು ಕೇಬಲ್ಲಿನಲ್ಲಿ, ನನ್ನ ಮೂಗಿನ ಮುಂದೆ. ಬಿಸಿಯಾಗದಿರಲಿ ಎಂದು ಕೆಳಗೆ ಒಂದು ಮರದ ಚೂರು ಇಟ್ಟಿದ್ದೇನೆ. ನಮ್ಮ ಅಳಿಯ ಹುಡುಗ ಬೆಳಿಗ್ಗೆಯಿಂದ ತಿಂಡಿಯನ್ನೂ ತಿನ್ನದೆ ಬಂದು ಕಂಬಳಿ ಸರಿಪಡಿಸುತ್ತಿದ್ದ. ಅವನಿಗೆ ಮೊದಲು ಕಾಫಿ ಕೊಡೇ ಎಂದು ಹೆಂಡತಿಗೆ ಹೇಳಬೇಕಾಯಿತು.

ಮಗಳು ಮೈಕಿನ ಮುಂದೆ ನಿಂತಳು. ಗಂಟಲು ಸರಿಮಾಡಿಕೊಂಡಳು. ಕಣ್ಣು ಮುಚ್ಚಿದಳು. ಮತ್ತೆ ತೆರೆದಳು. ಸೊಂಟದ ಮೇಲೆ ಕೈಯಿಟ್ಟಳು.

"ಗುಂಡಿ ಒತ್ತಿದ್ಯಾ?"

"ಒತ್ತಿರ್ತಾರೆ, ನೀನು ಹಾಡು" ಎಂದ ಹುಡುಗ, ಮೂಲೆಯಿಂದ.

"ನಿನ್ನನ್ನಲ್ಲ ಕೇಳಿದ್ದು. ಅಪ್ಪನ್ನ."

ಹುಡುಗನ ಮುಖ ಸ್ವಲ್ಪ ಸಣ್ಣದಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಪಾಪ ಎನಿಸಿ, ಬಾ ಇಲ್ಲಿ ಎಂದು ಕರೆದು ಪಕ್ಕದಲ್ಲಿ ಸ್ಟೂಲು ಎಳೆದು ಕೂರಿಸಿಕೊಂಡೆ. ಮಗಳು ಇನ್ನೂ ನನ್ನನ್ನೇ ನೋಡುತ್ತಿದ್ದಳು.

"ಅಪ್ಪಾ, ಕೇಳ್ತಿರೋದು ನಿನ್ನನ್ನೇ. ಒತ್ತಿದ್ಯಾ?"

ಪರದೆ ನೋಡಿದೆ. ಒತ್ತಿರಲಿಲ್ಲ.

ಮತ್ತೆ ಬೈಸಿಕೊಂಡೆ.